ರಾಜಿ ಪತ್ರ: ಬರೆಯುವುದು ವಕೀಲರಿಗೆ, ಕೇಳಿಸಿಕೊಳ್ಳುವುದು ಕಕ್ಷಿದಾರರು

ರಾಜಿಗೆ ಕರೆಯುವ ಪತ್ರವನ್ನು ನಾವು ಎದುರು ಪಕ್ಷದ ವಕೀಲರ ಹೆಸರಿಗೆ ಬರೆಯುತ್ತೇವೆ. ಆದರೆ ಅದಕ್ಕೆ ಹೂಂ ಅನ್ನಬೇಕಾದವರು, ಉಹೂಂ ಅನ್ನಬೇಕಾದವರು ಅವರಲ್ಲ, ಅವರ ಕಕ್ಷಿದಾರರು. ಆ ವಕೀಲರು ಸಂಜೆ ಕಕ್ಷಿದಾರರನ್ನು ಕಚೇರಿಗೆ ಕರೆಸಿ, ಎದುರಿಗೆ ಕೂರಿಸಿಕೊಂಡು ನಿಮ್ಮ ಪತ್ರವನ್ನು ಓದಿ ಹೇಳಬೇಕು. ಪಕ್ಕದಲ್ಲಿ ಕಕ್ಷಿದಾರರ ಭಾವ ಇರುತ್ತಾರೆ, ಊರಿನ ಹಿರಿಯರೊಬ್ಬರು ಇರುತ್ತಾರೆ. ಅಷ್ಟು ಜನರ ಮುಂದೆ ಅವರು ಮುಜುಗರವಿಲ್ಲದೆ ಗಟ್ಟಿಯಾಗಿ ಓದಬಹುದಾದ ಪತ್ರವನ್ನು ಬರೆಯುವುದು ಹೇಗೆ? ಇವತ್ತು ನಾನು ಮಾತಾಡಬೇಕೆಂದಿರುವುದು ಇಷ್ಟೇ.

ನಾವು ದಿನಾ ಬರೆಯುವ ಲಾಯರ್ ನೋಟಿಸಿನ ಭಾಷೆ ನಿಮಗೆ ಗೊತ್ತು. 'ನಿಮ್ಮ ಕಕ್ಷಿದಾರರು ದುರುದ್ದೇಶದಿಂದ, ಅಕ್ರಮ ಲಾಭದ ಆಸೆಯಿಂದ, ಸುಳ್ಳು ದಾವೆ ಹೂಡಿ...' ನೋಟಿಸಿನ ಕೆಲಸವೇ ಬೇರೆ. ಅದೇ ಭಾಷೆಯಲ್ಲಿ ಎರಡು ಪುಟ ಬರೆದು, ಕೊನೆಯ ಸಾಲಿನಲ್ಲಿ 'ಆದಾಗ್ಯೂ ರಾಜಿಗೆ ಸಿದ್ಧರಿದ್ದೇವೆ' ಎಂದು ಸೇರಿಸಿದರೆ ಆ ಕೊನೆಯ ಸಾಲು ಯಾರ ಕಿವಿಗೂ ಬೀಳುವುದಿಲ್ಲ. ಓದುವ ವಕೀಲರು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲೇ ಅವರ ಕಕ್ಷಿದಾರರು ಎದ್ದು ನಿಂತಿರುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಇದು ನಾನು ಕಟ್ಟಿದ್ದು, ಆದರೆ ನಿಮ್ಮಲ್ಲಿ ಪ್ರತಿಯೊಬ್ಬರ ಕಪಾಟಿನಲ್ಲೂ ಇಂಥದೊಂದು ಫೈಲು ಇರುತ್ತದೆ. ಪಿತ್ರಾರ್ಜಿತ ಮೂರು ಎಕರೆ ನೀರಾವರಿ ಜಮೀನು, ತಾಲ್ಲೂಕು ಕೇಂದ್ರದಲ್ಲಿ ಒಂದು ಮನೆ. ತಾಯಿ ಮೊದಲೇ ಹೋಗಿದ್ದಾರೆ, ತಂದೆ 2012ರಲ್ಲಿ ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾರೆ, ಮೂರನೇ ಒಂದು ಪಾಲಿಗೆ ದಾವೆ ಹಾಕಿದ್ದಾರೆ. ನಾವು ಅಣ್ಣತಮ್ಮಂದಿರ ಪರ. ಉಳುಮೆ ಮಾಡುತ್ತಿರುವವರು ದೊಡ್ಡಣ್ಣ, ಬೋರ್‌ವೆಲ್ ಕೊರೆಸಲು ಸಹಕಾರ ಸಂಘದಲ್ಲಿ ಸಾಲ ಮಾಡಿದವರೂ ಅವರೇ.

ಕಾನೂನು ಎಲ್ಲಿ ನಿಂತಿದೆ ಎಂಬುದನ್ನು ಪತ್ರ ಬರೆಯುವ ಮೊದಲು ನಮ್ಮ ಕಕ್ಷಿದಾರರಿಗೇ ಹೇಳಬೇಕು. ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಸಹಭಾಗಿಯನ್ನಾಗಿ, ಅಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕುದಾರಳನ್ನಾಗಿ, ಮಾಡಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನೂ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು; ಬದುಕಿರಬೇಕಾಗಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಮಾತು ಬೇರೆ. ನಮ್ಮ ಉದಾಹರಣೆಯಲ್ಲಿ ಅಂಥದ್ದೇನೂ ಇಲ್ಲ. ಅಂದರೆ ಪಾಲು ಇದೆಯೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಯಾವ ತುಂಡು, ಯಾವಾಗ, ಬೋರ್‌ವೆಲ್ ಖರ್ಚಿನ ಲೆಕ್ಕ ಯಾರದು ಎಂಬುದಷ್ಟೇ ಪ್ರಶ್ನೆ. ಇದನ್ನು ಅಣ್ಣತಮ್ಮಂದಿರಿಗೆ ತಿಳಿಸದೆ ರಾಜಿ ಪತ್ರ ಕಳಿಸಿದರೆ ಅವರ ಕಣ್ಣಿಗೆ ನೀವು ಎದುರು ಪಕ್ಷಕ್ಕೆ ಸೋತವರಂತೆ ಕಾಣುತ್ತೀರಿ.

ಆಮೇಲೆ ಅವರ ಒಪ್ಪಿಗೆ. ಬಾಯಿಮಾತಿನ ಒಪ್ಪಿಗೆ ಸಾಲದು, ಬರಹದಲ್ಲಿ ಬೇಕು, ಇಬ್ಬರದ್ದೂ ಸಹಿ ಬೇಕು. ವಕೀಲರಿಗೆ ರಾಜಿ ಪತ್ರಕ್ಕೆ ಸಹಿ ಹಾಕುವ ಅಧಿಕಾರ ಇದೆಯೆಂದು ಸುಪ್ರೀಂ ಕೋರ್ಟಿನ ಬೈರಾಮ್ ಪೆಸ್ತೊನ್‌ಜಿ ತೀರ್ಪು ಹೇಳುತ್ತದೆ, ನಿಜ. ಆದರೆ 2015ರ ಹಿಮಾಲಯನ್ ಹೌಸಿಂಗ್ ಸೊಸೈಟಿ ತೀರ್ಪನ್ನೂ ಜೊತೆಗಿಟ್ಟು ಓದಿ. ಕಕ್ಷಿದಾರರ ಹಕ್ಕನ್ನು ಬಿಟ್ಟುಕೊಡುವ ಯಾವ ಮಾತಿಗೂ ಮೊದಲು ಅವರ ಸ್ಪಷ್ಟ ಸೂಚನೆ ಪಡೆಯಬೇಕು ಎಂದು ಅಲ್ಲಿ ಹೇಳಿದೆ. ಎಲ್ಲಿಯವರೆಗೆ ಇಳಿಯಬಹುದು, ಎಲ್ಲಿ ನಿಲ್ಲಬೇಕು ಎಂಬ ಎರಡು ಅಂಕಿ ನಿಮ್ಮ ಫೈಲಿನಲ್ಲಿ ಅವರ ಸಹಿಯೊಂದಿಗೆ ಇರಲಿ. ಆ ಹಾಳೆ ಫೈಲು ಬಿಟ್ಟು ಆಚೆ ಹೋಗಬಾರದು.

'ಸರ್, ಆ ಅಕ್ಕ ನನಗೆ ಪರಿಚಯ, ನಾನೇ ಒಂದು ಫೋನ್ ಮಾಡಿ ಕೇಳಿಬಿಡಲೇ' ಎಂದು ಕಿರಿಯರು ಕೇಳುವುದುಂಟು. ಬೇಡ. ವಕೀಲರನ್ನು ಇಟ್ಟುಕೊಂಡಿರುವ ಪಕ್ಷದೊಡನೆ ವ್ಯಾಜ್ಯದ ವಿಷಯವನ್ನು ಅವರ ವಕೀಲರ ಮೂಲಕವೇ ಮಾತಾಡಬೇಕು. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮಗಳಲ್ಲಿ 34ನೆಯದು ಇದನ್ನೇ ಹೇಳುತ್ತದೆ. ಅಣ್ಣತಂಗಿ ತಾವಾಗಿ ಮಾತಾಡಿಕೊಂಡರೆ ಅದಕ್ಕೆ ಅಡ್ಡಿಯಿಲ್ಲ. ನೀವು ಮಾತ್ರ ಆ ಸಾಲು ದಾಟಬಾರದು.

ಈಗ ಪತ್ರಕ್ಕೆ ಬರೋಣ. ಮೇಲ್ಗಡೆ ಮೊದಲ ಸಾಲು 'ವಿದೌಟ್ ಪ್ರೆಜುಡೀಸ್', ಅಂದರೆ ನಮ್ಮ ಹಕ್ಕಿಗೆ ಬಾಧೆಯಿಲ್ಲದಂತೆ. ಎಲ್ಲರೂ ಹಾಕುತ್ತೇವೆ, ಯಾಕೆ ಹಾಕುತ್ತೇವೆ ಎಂದು ಕೇಳಿದರೆ ಕೆಲವರೇ ಹೇಳುತ್ತಾರೆ. ಹಳೆಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಈಗ, 2024ರ ಜುಲೈ 1ರಿಂದ, ಭಾರತೀಯ ಸಾಕ್ಷ್ಯ ಅಧಿನಿಯಮದ 21ನೇ ಕಲಂ ಆಗಿದೆ. ಸಿವಿಲ್ ಪ್ರಕರಣದಲ್ಲಿ, ಇದನ್ನು ಸಾಕ್ಷ್ಯವಾಗಿ ತರುವುದಿಲ್ಲ ಎಂಬ ಸ್ಪಷ್ಟ ಷರತ್ತಿನ ಮೇಲೆ ಮಾಡಿದ ಒಪ್ಪಿಗೆಯ ಮಾತು ಸಂಗತವಲ್ಲ ಎನ್ನುತ್ತದೆ ಅದು. ಪಕ್ಷಗಳ ನಡುವೆ ಅಂಥ ತಿಳಿವಳಿಕೆ ಇತ್ತೆಂದು ಸಂದರ್ಭದಿಂದ ಊಹಿಸಬಹುದಾದಾಗಲೂ ಅಷ್ಟೇ. ಷರತ್ತು ಎಂಬ ಪದವನ್ನು ಗಮನಿಸಿ. ಆ ಎರಡು ಪದಗಳನ್ನು ಮುದ್ರೆಯಂತೆ ಒತ್ತಿ ಸುಮ್ಮನಾಗುವ ಬದಲು ಒಂದು ಪೂರ್ತಿ ವಾಕ್ಯ ಬರೆಯಿರಿ: 'ಈ ಪತ್ರ ರಾಜಿ ಮಾತುಕತೆಗಾಗಿ ಮಾತ್ರ, ಇದರಲ್ಲಿನ ಯಾವ ಮಾತನ್ನೂ ದಾವೆಯಲ್ಲಿ ಯಾವ ಪಕ್ಷವೂ ಸಾಕ್ಷ್ಯವಾಗಿ ಬಳಸತಕ್ಕದ್ದಲ್ಲ ಎಂಬ ಷರತ್ತಿನ ಮೇಲೆ ಬರೆದಿದೆ.' ಓದುತ್ತಿರುವ ವಕೀಲರಿಗೂ ಇದರಿಂದ ಧೈರ್ಯ ಬರುತ್ತದೆ, ತಾವು ಬರೆಯುವ ಉತ್ತರಕ್ಕೂ ಅದೇ ರಕ್ಷಣೆ ಇದೆ ಎಂದು ಗೊತ್ತಾಗುತ್ತದೆ.

ಹಾಗೆಂದು ಆ ಸಾಲು ಎಲ್ಲವನ್ನೂ ಮುಚ್ಚುವುದಿಲ್ಲ. ಪತ್ರದ ಜೊತೆ ಒಂದು ಹಳೆಯ ರಸೀದಿ ಲಗತ್ತಿಸಿದರೆ ರಸೀದಿ ಗುಟ್ಟಾಗಿಬಿಡುವುದಿಲ್ಲ. ನೋಟಿಸಿಗೆ ಕೊಡಬೇಕಾದ ಉತ್ತರವನ್ನೂ ರಾಜಿ ಪ್ರಸ್ತಾಪವನ್ನೂ ಒಂದೇ ಪತ್ರದಲ್ಲಿ ಕಲಸಿದರೆ ಯಾವ ವಾಕ್ಯ ಕೋರ್ಟಿನ ಮುಂದೆ ಬರಬಹುದು, ಯಾವುದು ಬರಬಾರದು ಎಂಬುದೇ ಇನ್ನೊಂದು ವ್ಯಾಜ್ಯವಾಗುತ್ತದೆ. ಕೋರ್ಟಿಗೆ ತೋರಿಸಬಹುದಾದ್ದಕ್ಕೆ ಒಂದು ಪತ್ರ, ರಾಜಿಗೆ ಬೇರೊಂದು ಪತ್ರ. ಒಂದೇ ದಿನ ಕಳಿಸಿದರೂ ಸರಿ, ಎರಡು ಲಕೋಟೆಯಲ್ಲಿ ಕಳಿಸಿ.

ಇಲ್ಲೇ ಒಂದು ಪಕ್ಕದ ಮಾತು. ಪಾಲಿನ ದಾವೆಗಿಂತ ಹಣದ ದಾವೆಗೆ ಇದು ಮುಖ್ಯ. ಕಾಲಮಿತಿ ಅಧಿನಿಯಮದ 18ನೇ ಕಲಂ ಒಮ್ಮೆ ಓದಿಕೊಳ್ಳಿ. ಕಾಲಮಿತಿ ಮುಗಿಯುವ ಮೊದಲು ಸಾಲಗಾರನೋ ಅವನ ಅಧಿಕೃತ ಪ್ರತಿನಿಧಿಯೋ ಬರಹದಲ್ಲಿ ಹೊಣೆಯನ್ನು ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಕಾಲಮಿತಿ ಹೊಸದಾಗಿ ಶುರು. ಕೊಡುವುದಿಲ್ಲ ಎಂದು ಜೊತೆಗೆ ಬರೆದಿದ್ದರೂ ಅದು ಒಪ್ಪಿಗೆಯೇ ಆಗಬಹುದು ಎಂದು ಅದರ ವಿವರಣೆ ಹೇಳುತ್ತದೆ. ಎರಡು ವರ್ಷ ಹನ್ನೊಂದು ತಿಂಗಳಾದ ಕೈಸಾಲದ ಬಗ್ಗೆ, ಇನ್ನೂ ದಾವೆ ಹೂಡಿಲ್ಲದ ಎದುರು ವಕೀಲರಿಗೆ, 'ನಮ್ಮ ಕಕ್ಷಿದಾರರು ಕೊಡಬೇಕಾದ ಐದು ಲಕ್ಷದಲ್ಲಿ ಮೂರು ಲಕ್ಷ ಕೊಡಲು ಸಿದ್ಧ' ಎಂದು ಷರತ್ತಿಲ್ಲದೆ ಸಹಿ ಹಾಕಿ ಕಳಿಸಿದರೆ, ನಿಮ್ಮ ಕಕ್ಷಿದಾರರ ಮೇಲೆ ಇನ್ನೂ ಮೂರು ವರ್ಷದ ಗಡುವನ್ನು ನೀವೇ ಕೂರಿಸಿದಂತೆ. 'ಕೊಡಬೇಕಾದ' ಎಂಬ ಪದ ತೆಗೆಯಿರಿ. 'ಹೊಣೆಯನ್ನು ಒಪ್ಪದೆ, ವ್ಯಾಜ್ಯ ಮುಗಿಸುವ ಸಲುವಾಗಿ ಮಾತ್ರ ಮೂರು ಲಕ್ಷ' ಎಂದು ಬರೆಯಿರಿ. ಮೇಲ್ಗಡೆಯ ಷರತ್ತಿನ ಸಾಲನ್ನಂತೂ ಮರೆಯಲೇಬೇಡಿ.

ಮತ್ತೆ ಅಣ್ಣತಂಗಿಯ ಜಮೀನಿಗೆ ಬರೋಣ. ಇಂಥ ಪತ್ರ ಬರೆಯುವಾಗ ಅಣ್ಣಂದಿರು ಒಂದು ವಾಕ್ಯ ಹಾಕಲೇಬೇಕೆಂದು ಪಟ್ಟು ಹಿಡಿಯುತ್ತಾರೆ: 'ಮದುವೆಯಲ್ಲಿ ಒಡವೆ, ಖರ್ಚು ಎಲ್ಲ ಕೊಟ್ಟಿದ್ದೇವೆ, ಅದೇ ಅವಳ ಪಾಲು.' ನೀವೆಲ್ಲ ಈ ವಾಕ್ಯವನ್ನು ಕೇಳಿದ್ದೀರಿ. ಮದುವೆಯ ಖರ್ಚಿನಿಂದ ಮಗಳ ಪಾಲು ತೀರುವುದಿಲ್ಲ, ಆದ್ದರಿಂದ ಕಾನೂನಿನಲ್ಲಿ ಆ ಮಾತಿಗೆ ಬಲವಿಲ್ಲ. ರಾಜಿಗೆ ಅದಕ್ಕಿಂತ ಕೆಟ್ಟ ವಾಕ್ಯ ಇನ್ನೊಂದಿಲ್ಲ. ತಂಗಿ ದಾವೆ ಹಾಕಿದ್ದು ಬರೀ ಗುಂಟೆ ಲೆಕ್ಕಕ್ಕಲ್ಲ ಎಂಬುದು ಎಷ್ಟೋ ಫೈಲುಗಳಲ್ಲಿ ನಮಗೇ ಗೊತ್ತಿರುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ಬರುವುದು ನಿಂತಿರುತ್ತದೆ. ತಂದೆಯ ತಿಥಿಗೆ ಕರೆ ಬಂದಿರುವುದಿಲ್ಲ. ಖಾತೆ ಬದಲಾದದ್ದು ಪಹಣಿ ತೆಗೆಸಿದಾಗಲಷ್ಟೇ ಅವರಿಗೆ ಗೊತ್ತಾಗಿರುತ್ತದೆ. ಇಷ್ಟು ನೋವಿರುವವರ ಮುಂದೆ ಅವರ ವಕೀಲರು 'ಅದೇ ಅವಳ ಪಾಲು' ಎಂದು ಓದಿದರೆ ಆಮೇಲೆ ನೀವು ಮೂರು ಎಕರೆ ಪೂರ್ತಿ ಕೊಡುತ್ತೇವೆಂದರೂ ಅವರು ನಂಬುವುದಿಲ್ಲ. ಅಣ್ಣಂದಿರ ಜೊತೆ ಒಂದು ಗಂಟೆ ಕೂತು ಆ ವಾಕ್ಯವನ್ನು ತೆಗೆಸಿ. ಪತ್ರ ಬರೆಯುವುದರಲ್ಲಿ ಅತ್ಯಂತ ಕಷ್ಟದ ಕೆಲಸ ಇದೇ, ಮತ್ತು ಅದು ನಡೆಯುವುದು ನಮ್ಮದೇ ಕಚೇರಿಯಲ್ಲಿ.

ಹಾಗಾದರೆ ನಮ್ಮ ಬಲವನ್ನು ಹೇಳಲೇಬಾರದೇ? ಹೇಳಬೇಕು, ಒಂದೇ ಪ್ಯಾರಾದಲ್ಲಿ. ಇಬ್ಬರ ಕಷ್ಟವನ್ನೂ ಒಟ್ಟಿಗೆ ಹೇಳಿದರೆ ಅದು ಬೆದರಿಕೆಯಂತೆ ಕೇಳಿಸುವುದಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

'ಮಾನ್ಯರೇ, ತಮ್ಮ ಕಕ್ಷಿದಾರರಿಗೆ ಮೂರನೇ ಒಂದು ಪಾಲು ಇದೆಯೆಂಬ ನೆಲೆಯಿಂದಲೇ ಈ ಮಾತುಕತೆಯನ್ನು ಶುರು ಮಾಡಲು ನಮ್ಮ ಕಕ್ಷಿದಾರರು ಸಿದ್ಧರಿದ್ದಾರೆ. ದಾವೆ ಪೂರ್ತಿ ನಡೆದರೆ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿಯ ಪ್ರಕ್ರಿಯೆ, ಕೋರ್ಟ್ ಕಮಿಷನರ ಸರ್ವೆ, ಮೇಲ್ಮನವಿ. ಯಾವ ಭಾಗ ಯಾರಿಗೆ ಎಂಬುದನ್ನು ಆಗ ನಾವ್ಯಾರೂ ತೀರ್ಮಾನಿಸಲಾರೆವು. ಬೋರ್‌ವೆಲ್ಲಿಗೆ ಮಾಡಿದ ಖರ್ಚಿನ ಬಗ್ಗೆ ನಮ್ಮ ಕಕ್ಷಿದಾರರು ಲೆಕ್ಕ ಕೇಳುವ ಹಕ್ಕು ಉಳಿಯುತ್ತದೆ, ಬೆಳೆಯ ಆದಾಯದ ಬಗ್ಗೆ ತಮ್ಮ ಕಕ್ಷಿದಾರರು ಲೆಕ್ಕ ಕೇಳುವ ಹಕ್ಕೂ ಉಳಿಯುತ್ತದೆ. ಅದರ ಬದಲು ಕೆಳಗಿನ ಷರತ್ತುಗಳನ್ನು ತಮ್ಮ ಕಕ್ಷಿದಾರರ ಮುಂದಿಡಬೇಕೆಂದು ಕೋರುತ್ತೇವೆ.'

ಎದುರು ವಕೀಲರು ಇದನ್ನು ಹಾಗೇ ಓದಬಹುದು. 'ನೋಡಿಯಮ್ಮಾ, ಪಾಲು ಇದೆ ಅಂತ ಅವರೇ ಮಾತು ಶುರು ಮಾಡಿದ್ದಾರೆ' ಎಂದು ಹೇಳಬಹುದು. ಅವರ ಕಕ್ಷಿದಾರರ ಮುಂದೆ ಅವರ ಮರ್ಯಾದೆ ಉಳಿಯಿತು. ಅವರ ಮರ್ಯಾದೆ ಉಳಿದರೆ ನಿಮ್ಮ ಷರತ್ತುಗಳನ್ನು ಅವರು ತಾಳ್ಮೆಯಿಂದ ವಿವರಿಸುತ್ತಾರೆ. ಎದುರು ವಕೀಲರಿಗೂ ಕಕ್ಷಿದಾರರ ಭಯ ಇರುತ್ತದೆ, ಇದನ್ನು ಮರೆಯಬೇಡಿ. ರಾಜಿ ಮಾಡಿಕೊಳ್ಳಿ ಎಂದ ವಕೀಲರ ಬಗ್ಗೆ 'ಆ ಕಡೆಯವರ ಜೊತೆ ಸೇರಿಕೊಂಡರು' ಎಂಬ ಮಾತು ಊರಲ್ಲಿ ಎಷ್ಟು ಬೇಗ ಹುಟ್ಟುತ್ತದೆ ಎಂಬುದು ನಿಮಗೂ ಗೊತ್ತು.

ಷರತ್ತುಗಳಲ್ಲಿ 'ನ್ಯಾಯಯುತ ಮೊತ್ತ', 'ಸೂಕ್ತ ಭಾಗ' ಇಂಥ ಪದ ಬೇಡ. ಅಂಕಿ ಬೇಕು, ತಾರೀಖು ಬೇಕು, ಚಕ್ಕುಬಂದಿ ಬೇಕು. ನಮ್ಮ ಉದಾಹರಣೆಯಲ್ಲಿ ಹೀಗೆ: ಮೂರು ಎಕರೆಯಲ್ಲಿ ಕಾನೂನಿನ ಲೆಕ್ಕಕ್ಕೆ ತಂಗಿಗೆ 40 ಗುಂಟೆ. ನಾವು ರಸ್ತೆ ಬದಿಯ 30 ಗುಂಟೆ ಕೊಡುತ್ತೇವೆ, ಅದರ ಬೆಲೆ ಒಳಗಿನ ಜಮೀನಿಗಿಂತ ಹೆಚ್ಚು. ಮನೆ ಅಣ್ಣತಮ್ಮಂದಿರಿಗೆ, ಅದರಲ್ಲಿ ತಂಗಿಯ ಪಾಲಿಗೆ 12 ಲಕ್ಷ ರೂಪಾಯಿ, ನಾಲ್ಕು ಲಕ್ಷದಂತೆ ಮೂರು ಕಂತು, ಬ್ಯಾಂಕಿನ ಮೂಲಕ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ನಿಷೇಧ ಇದೆ, ಇದನ್ನು ಕಕ್ಷಿದಾರರಿಗೆ ಮೊದಲೇ ಹೇಳಿ. ಬೋರ್‌ವೆಲ್ ಸಾಲ ಅಣ್ಣಂದಿರೇ ತೀರಿಸುತ್ತಾರೆ. 30 ಗುಂಟೆಗೆ ನಕ್ಷೆ ಲಗತ್ತಿಸಿ. ಪೋಡಿ ಮಾಡಿಸುವ ಖರ್ಚು ಯಾರದು, ನಿಂತಿರುವ ಬೆಳೆ ಯಾರು ಕೊಯ್ಯುತ್ತಾರೆ, ಉಪವಿಭಾಗಾಧಿಕಾರಿಗಳ ಮುಂದಿರುವ ಖಾತೆ ಮೇಲ್ಮನವಿ ವಾಪಸು ಯಾರು ತೆಗೆದುಕೊಳ್ಳುತ್ತಾರೆ, ಎಲ್ಲ ಬರೆಯಿರಿ. ರಾಜಿ ಮುರಿದುಬೀಳುವುದು ದೊಡ್ಡ ಮೊತ್ತದ ಮೇಲಲ್ಲ. ನಿಂತಿರುವ ಕಬ್ಬಿನ ಮೇಲೆ, ಒಂದು ತೆಂಗಿನ ಮರದ ಮೇಲೆ.

ಕಂತಿನ ಮಾತು ಬಂತು. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ದಾದಾ ಅಬ್ದುಲ್ಲಾ ಮತ್ತು ತೈಯಬ್ ಸೇಠರ ವ್ಯಾಜ್ಯವನ್ನು ಪಂಚಾಯಿತಿಗೆ ಒಪ್ಪಿಸಿ ಬಗೆಹರಿಸಿದ ಕತೆಯನ್ನು ನಾವೆಲ್ಲ ವೇದಿಕೆಗಳಲ್ಲಿ ಕೇಳಿದ್ದೇವೆ. ಅಲ್ಲಿ ವಕೀಲರು ಗಮನಿಸಬೇಕಾದ ಭಾಗ ತೀರ್ಪು ಬಂದ ಮೇಲಿನದು. ಅಬ್ದುಲ್ಲಾ ಗೆದ್ದರು. ಸುಮಾರು 37,000 ಪೌಂಡು, ಮೇಲೆ ಖರ್ಚು. ಅಷ್ಟನ್ನೂ ಒಟ್ಟಿಗೆ ಕೇಳಿದರೆ ತೈಯಬ್ ಸೇಠರು ದಿವಾಳಿ. ಅವರು ಸಂಬಂಧಿಕರೂ ಹೌದು. ಗಾಂಧೀಜಿ ತಮ್ಮ ಕಕ್ಷಿದಾರರನ್ನು ದೀರ್ಘಾವಧಿಯ ಕಂತಿಗೆ ಒಪ್ಪಿಸಿದರು. ಪಂಚಾಯಿತಿಗೆ ಒಪ್ಪಿಸಿದ್ದಕ್ಕಿಂತ ಇದೇ ಕಷ್ಟವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಎದುರಿನವರ ಕೈಯಲ್ಲಿ ಆಗುವಂಥ ಷರತ್ತನ್ನು ಬರೆಯುವುದು ನಮ್ಮ ಕಕ್ಷಿದಾರರ ಹಿತಕ್ಕೇ, ಯಾಕೆಂದರೆ ಆಗದ ಷರತ್ತಿನ ರಾಜಿ ನಾಳೆ ಅಮಲ್ಜಾರಿ (ಡಿಕ್ರಿ ಜಾರಿ) ಅರ್ಜಿಯಾಗಿ ನಮ್ಮ ಮೇಜಿಗೇ ವಾಪಸು ಬರುತ್ತದೆ. ಕಂತು ತಪ್ಪಿದರೆ ಏನು ಎಂಬುದನ್ನೂ ಬರೆಯಿರಿ: ಇಷ್ಟು ದಿನದ ಮೇಲೆ ಇಷ್ಟು ಬಡ್ಡಿ, ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ.

ಪತ್ರಕ್ಕೆ ಗಡುವು ಇರಲಿ. ಮುಂದಿನ ಮುದ್ದತ್ತಿಗೆ ಒಂದು ವಾರ ಮೊದಲು ಮುಗಿಯುವಂತೆ ಇಟ್ಟರೆ ಒಳ್ಳೆಯದು, ಕಕ್ಷಿದಾರರು ಮನೆಯವರನ್ನು ಕೇಳಿಕೊಳ್ಳಲು ಸಮಯ ಸಿಗುತ್ತದೆ. ಗಡುವಿಗೆ ಬಲ ಕೊಡುವ ಕಾನೂನೂ ಇದೆ, ಎಲ್ಲ ದಾವೆಗೂ ಅಲ್ಲ. ವಾಣಿಜ್ಯ ದಾವೆಗಳಿಗೆ ಅನ್ವಯವಾಗುವ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) 35ನೇ ಕಲಂ, ಸಮಂಜಸವಾದ ರಾಜಿ ಪ್ರಸ್ತಾಪವನ್ನು ಒಂದು ಪಕ್ಷ ಸಕಾರಣವಿಲ್ಲದೆ ತಿರಸ್ಕರಿಸಿತೇ ಎಂಬುದನ್ನು ಖರ್ಚು ವಿಧಿಸುವಾಗ ನೋಡಬೇಕು ಎನ್ನುತ್ತದೆ. ಅಂಥ ದಾವೆಯಲ್ಲಿ 'ಖರ್ಚಿನ ಪ್ರಶ್ನೆ ಬಂದಾಗ ಮಾತ್ರ ಈ ಪತ್ರವನ್ನು ನ್ಯಾಯಾಲಯದ ಮುಂದಿಡುವ ಹಕ್ಕು ಕಾಯ್ದಿರಿಸಿದೆ' ಎಂಬ ಸಾಲು ಸೇರಿಸಿ, ಇಲ್ಲವಾದರೆ ನಿಮ್ಮದೇ ಷರತ್ತು ನಿಮ್ಮ ಕೈ ಕಟ್ಟುತ್ತದೆ. ಸಾಮಾನ್ಯ ಹಣದ ದಾವೆಯಲ್ಲಿ ಪ್ರತಿವಾದಿ ಪರ ಇದ್ದರೆ ಸಿಪಿಸಿಯ ಆದೇಶ 24 ನೆನಪಿರಲಿ. ಕೊಡಬೇಕೆಂದು ನಿಮಗೆ ಅನ್ನಿಸಿದ ಮೊತ್ತವನ್ನು ಕೋರ್ಟಿನಲ್ಲಿ ಠೇವಣಿ ಇಟ್ಟರೆ, ವಾದಿಗೆ ನೋಟಿಸು ತಲುಪಿದ ದಿನದಿಂದ ಅಷ್ಟು ಮೊತ್ತಕ್ಕೆ ಬಡ್ಡಿ ನಿಲ್ಲುತ್ತದೆ. ಅದನ್ನು ಬಳಸುವವರು ಕಡಿಮೆ, ಇನ್ನೂ ಹೆಚ್ಚು ಬಳಸಬೇಕು.

ಕ್ರಿಮಿನಲ್ ಕೇಸಿನ ಬೆದರಿಕೆಯನ್ನು ರಾಜಿ ಪತ್ರದಲ್ಲಿ ಬರೆಯಬೇಡಿ, ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಒಪ್ಪಿಗೆ ಬಂದ ಮೇಲೆ ಪತ್ರವೇ ರಾಜಿ ಎಂದುಕೊಳ್ಳಬೇಡಿ. 1976ರ ತಿದ್ದುಪಡಿಯಿಂದ ಸಿಪಿಸಿಯ ಆದೇಶ 23, ನಿಯಮ 3ರಡಿ ರಾಜಿ ಬರಹದಲ್ಲಿರಬೇಕು, ಪಕ್ಷಗಾರರ ಸಹಿ ಇರಬೇಕು. ಪಾಲಿನ ದಾವೆಯಲ್ಲಿ ಎಲ್ಲ ಪಕ್ಷಗಾರರೂ ಬೇಕು. ಕೆಲವರಷ್ಟೇ ಮಾಡಿಕೊಂಡ ರಾಜಿ ನಿಲ್ಲುವುದಿಲ್ಲ ಎಂದು 2023ರ ಪ್ರಶಾಂತ ಕುಮಾರ್ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೂ ಹೆಣ್ಣುಮಕ್ಕಳ ಪಾಲಿನ ವ್ಯಾಜ್ಯವೇ. ಯಾವುದಾದರೂ ಪಕ್ಷಗಾರರು ಅಪ್ರಾಪ್ತರಾಗಿದ್ದರೆ ಆದೇಶ 32, ನಿಯಮ 7ರಂತೆ ಕೋರ್ಟಿನ ಅನುಮತಿ ಬೇಕು. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಇಳಿಸಬೇಕು, ಆ ಖರ್ಚನ್ನು ಮೊದಲೇ ಹಂಚಿಕೊಳ್ಳಿ. ಲೋಕ ಅದಾಲತ್‌ನಲ್ಲಿ ರಾಜಿ ದಾಖಲಾದರೆ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಆ ಅವಾರ್ಡಿನ ಮೇಲೆ ಮೇಲ್ಮನವಿ ಇಲ್ಲ. ಹಣದ ದಾವೆಯಲ್ಲಿ ವಾದಿಯ ವಕೀಲರಿಗೆ ಶುಲ್ಕ ವಾಪಸಿನ ವಿಷಯವನ್ನು ಪತ್ರದಲ್ಲೇ ನೆನಪಿಸಿ. ಕಕ್ಷಿದಾರರಿಗೆ ಓದಿ ಹೇಳಲು ಅವರಿಗೆ ಒಂದು ಒಳ್ಳೆಯ ಸಾಲು ಸಿಕ್ಕಂತಾಯಿತು.

ಒಂದು ಪ್ರಶ್ನೆ ಬಂದಿದೆ: ಇಷ್ಟೆಲ್ಲ ಮಾಡಿಯೂ ಉತ್ತರವೇ ಬರದಿದ್ದರೆ? ಗಡುವಿನ ಮರುದಿನ ಫೋನ್ ಮಾಡಿ, 'ಸರ್, ಪತ್ರ ತಲುಪಿತೇ, ಕಕ್ಷಿದಾರರಿಗೆ ಏನಾದರೂ ವಿವರ ಬೇಕಿತ್ತೇ' ಎಂದು ಕೇಳಿ. ಒಪ್ಪಿದಿರೋ ಇಲ್ಲವೋ ಎಂದು ಕೇಳಬೇಡಿ. ಬೇಡ ಅಂದರೆ, ಪ್ರಸ್ತಾಪವನ್ನು ಹಿಂತೆಗೆದುಕೊಂಡಿದ್ದೇವೆ ಎಂದು ಎರಡು ಸಾಲಿನ ಪತ್ರ ಕಳಿಸಿ ಪಾಟೀಸವಾಲಿಗೆ ತಯಾರಾಗಿ. ಇಲ್ಲಿಯೂ ವಿಶೇಷಣಗಳು ಬೇಡ. ಇನ್ನೊಂದು ದಾರಿಯೂ ಇದೆ. ಸಿಪಿಸಿ 89ನೇ ಕಲಮಿನಡಿ ಮಧ್ಯಸ್ಥಿಕೆಗೆ ಕಳಿಸಿ ಎಂದು ಕೋರ್ಟನ್ನೇ ಕೇಳಿಕೊಳ್ಳಬಹುದು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ವಕೀಲರೂ ನ್ಯಾಯಮೂರ್ತಿಗಳೂ ಆಗಿದ್ದ ಆರ್.ವಿ. ರವೀಂದ್ರನ್ ಅವರು ಸುಪ್ರೀಂ ಕೋರ್ಟಿನ 2010ರ ಆಫ್ಕಾನ್ಸ್ ತೀರ್ಪಿನಲ್ಲಿ ಮಧ್ಯಸ್ಥಿಕೆಗೆ ತಕ್ಕ ವ್ಯಾಜ್ಯಗಳ ಪಟ್ಟಿ ಕೊಟ್ಟಿದ್ದಾರೆ. ಕುಟುಂಬದೊಳಗಿನ ಪಾಲಿನ ಜಗಳ ಆ ಪಟ್ಟಿಯಲ್ಲಿದೆ. ಪತ್ರಕ್ಕೆ ಬಾಯಿ ಬಿಡದ ತಂಗಿ ಮಧ್ಯಸ್ಥಗಾರರ ಮೇಜಿನ ಮುಂದೆ ಅಣ್ಣನನ್ನೇ ನೋಡಿ ಮಾತಾಡಬಹುದು. ಅವರು ಏನು ಕೇಳುತ್ತಾರೆ ಎಂಬುದನ್ನು ಅಲ್ಲಿ ಬರೆದುಕೊಳ್ಳಿ, ಮುಂದಿನ ಪತ್ರದ ಮೊದಲ ಷರತ್ತು ಅದೇ ಆಗಲಿ.